ದೊಡ್ಡಮನಿಯ ಹಿತ್ತಲ ಬಾಗಿಲು

"ಇಲ್ಲೆ ನನ್ನಂಥಾಕಿ ಎಲ್ಲಿ ಕುಂದರಬೇಕು?"

ಕಸ್ತೂರೆವ್ವ ಇದನ್ನು ಯಾರನ್ನೂ ಕೇಳಿದ್ದಲ್ಲ. ಜಮಖಂಡಿ ಕೋರ್ಟಿನ ಆವರಣದ ಮೂಲೆಯಲ್ಲಿದ್ದ ಕೋಣೆಯ ಹೊಸ್ತಿಲ ಮೇಲೆ ನಿಂತಾಗ ಮಾತು ತಾನೇ ಬಾಯಿಂದ ಬಂದಿತ್ತು. ವಕೀಲರಿಗೆ ಫೀ ಕೊಡಲಾಗದವರಿಗಾಗಿ ಊರಿನ ಕೆಲವು ವಕೀಲರು ಶನಿವಾರ ಸರದಿಯ ಮೇಲೆ ಪುಕ್ಕಟೆ ಕೂಡುವ ಕೋಣೆ ಅದು. ಗೋಡೆಗುಂಟ ಒಂದು ಬೆಂಚು, ಬೆಂಚಿನ ತುಂಬ ಮಂದಿ. ಚಿಮ್ಮಡದ ದೊಡ್ಡಮನಿಯ ಸೊಸೆ ಇಂಥ ಬೆಂಚಿನ ಮೇಲೆ ಕೂತದ್ದನ್ನು ಯಾರಾದರೂ ಕಂಡರೆ ಎಂಬ ಹೆದರಿಕೆಗೆ ಅವಳು ಹತ್ತಿರದ ಬನಹಟ್ಟಿಯನ್ನು ಬಿಟ್ಟು, ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿ, ಇಷ್ಟು ದೂರದ ಬಸ್ಸು ಹತ್ತಿದ್ದಳು.

"ಬಾರಬೇ, ನಾವೇನ ಕಚ್ಚೂದಿಲ್ಲ," ಎಂದು ಒಬ್ಬ ಮುದುಕಿ ಸರಿದು ಜಾಗ ಮಾಡಿದಳು. ಮುಧೋಳದ ಕಡೆಯ ಯಲ್ಲಕ್ಕ. ಅಳಿಯನ ಮೇಲೆ ಕೇಸು ಹಾಕಲು ಬಂದವಳು. ಸೆರಗನ್ನು ಹುಬ್ಬಿನವರೆಗೆ ಎಳೆದುಕೊಂಡ ಕಸ್ತೂರೆವ್ವನನ್ನು ತೋರಿಸಿ, ಹೊಸ ಮದುಮಗಳು ಬಂದಾಳ ನೋಡ್ರಿ ಎಂದು ಪಕ್ಕದವರನ್ನು ನಗಿಸಿದಳು.

ಕಸ್ತೂರೆವ್ವನ ಗಂಡ ಶಿವಯೋಗೆಪ್ಪ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಮಕ್ಕಳಿಲ್ಲ. ಮೈದುನ ಸೋಮಲಿಂಗ ಅಡಿಗೆ ಕೋಣೆಗೆ ಬೀಗ ಜಡಿದು, ಇಲ್ಲಿ ನಿನ್ನದೇನೂ ಉಳಿದಿಲ್ಲ, ತವರಿಗೆ ಹೋಗು ಎಂದಿದ್ದ. ತವರಿನಲ್ಲಿ ಬಾ ಎನ್ನುವವರು ಯಾರೂ ಇರಲಿಲ್ಲ. ಮದುವೆಯಾಗಿ ಬಂದಂದಿನಿಂದ ಒಲೆ ಹೊತ್ತಿಸಿದ ಮನೆಯಲ್ಲಿ ಈಗ ಅವಳು ಪಡಸಾಲೆಯ ಮೂಲೆಯಲ್ಲಿ ಕೂತು ಅವಲಕ್ಕಿ ನೆನೆಸಿಕೊಂಡು ತಿನ್ನುತ್ತಿದ್ದಳು. ಸಾಯುವತನಕ ಆ ಮನೆಯಲ್ಲಿರಬೇಕು, ತನ್ನ ಒಲೆ ತನಗೆ ಬೇಕು. ಅದನ್ನು ಕೇಳಲು ಬಂದಿದ್ದಳು.

ಅವಳ ಪಾಳಿ ಬಂದಾಗ ಕರಿ ಕೋಟಿನ ಹುಡುಗಿಯೊಬ್ಬಳು ಎದ್ದು ಕುರ್ಚಿ ಎಳೆದುಕೊಟ್ಟಳು. ಬಿಸಿಲಲ್ಲಿ ಬಂದೀರಿ ಎಂದು ಚಹಾ ತರಿಸಿ ತನ್ನ ಕೈಯಾರೆ ಕೊಟ್ಟಳು. ಕಸ್ತೂರೆವ್ವ ದನಿ ತಗ್ಗಿಸಿ, ನಾವು ಹೆಸರಿಗೆ ದೊಡ್ಡವರು, ನನ್ನ ಕೈಯಲ್ಲಿ ಮಾತ್ರ ಏನೂ ಇಲ್ಲ, ನಮ್ಮಂಥವರಿಗೆ ಪುಕ್ಕಟೆ ವಕೀಲರು ಸಿಗುತ್ತಾರೆಯೇ ಎಂದು ಕೇಳಿದಳು. ಹೆಣ್ಣುಮಕ್ಕಳು ಬಡವರೆಂದು ತೋರಿಸಬೇಕಾಗಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತದೆ ಎಂದಳು ಹುಡುಗಿ. ಬೀಗದ ಕಥೆಯನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಕಸ್ತೂರೆವ್ವನ ಎದೆಯ ಭಾರ ಇಳಿಯಿತು. ಚಹಾ ಕುಡಿಯುತ್ತ ಅಕ್ಕರೆಯಿಂದ ಕೇಳಿದಳು:

"ಭಾಳ ಛಲೋ ಮಾತಾಡ್ತಿಯವಾ. ಯಾರ ಮಗಳು ನೀ?"

"ಸಂಘಮಿತ್ರಾ ಅಂತರಿ. ನಮ್ಮಪ್ಪ ತೇರದಾಳದಾಗ ಸಾಲಿ ಮಾಸ್ತರ. ಮೂಲ ನಿಮ್ಮೂರನರಿ ಅವ್ವಾರ. ನಮ್ಮಾಯಿ, ಅಪ್ಪನ ಅವ್ವ ಅನ್ನವ್ವ, ನಿಮ್ಮ ಹೊಲಕ್ಕ ಕೂಲಿಗೆ ಬರ್ತಿದ್ಲು."

ಅನ್ನವ್ವ. ಹೊಲದ ಕೆಲಸ ಮುಗಿಸಿ ಹಿತ್ತಲ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದವಳು. ಅವಳಿಗೆಂದೇ ಬೇರೆ ಇಟ್ಟ ಚಹಾದ ಕಪ್ಪು ದನದ ಮನೆಯ ಗೋಡೆಯ ಮೇಲೆ ಬೋರಲು ಇರುತ್ತಿತ್ತು. ಅವಳೇ ತೊಳೆದುಕೊಂಡು ಹಿಡಿಯಬೇಕು, ಕಸ್ತೂರೆವ್ವ ಮೇಲಿನಿಂದ ಚಹಾ ಸುರಿಯಬೇಕು. ಬಾಯಲ್ಲಿದ್ದ ಗುಟುಕನ್ನು ಕಸ್ತೂರೆವ್ವ ಹೇಗೋ ನುಂಗಿದಳು. ಕಪ್ಪು ಅರ್ಧಕ್ಕೇ ಮೇಜಿನ ಮೇಲೆ ಇಳಿಯಿತು.

ಸಂಘಮಿತ್ರಾ ಅದನ್ನು ನೋಡಿದಳೋ ಇಲ್ಲವೋ. ಮನೆಯ ಹಕ್ಕಿನ ಉತಾರ, ಯಜಮಾನರು ತೀರಿಕೊಂಡ ದಾಖಲೆ ಕೊಡ್ರಿ ಎಂದು ಅಂಗೈ ಚಾಚಿದಳು. ಕಸ್ತೂರೆವ್ವನ ಕೈ ಕಾಗದ ಹಿಡಿದು ಮುಂದೆ ಹೋಯಿತು. ಆ ಅಂಗೈಯ ಒಂದು ಗೇಣು ಮೇಲೆ ನಿಂತಿತು. ಅಲ್ಲಿಂದಲೇ ಬೆರಳು ಸಡಿಲಾದವು. ಫ್ಯಾನಿನ ಗಾಳಿಗೆ ಕಾಗದಗಳು ಅಂಗೈ ತಪ್ಪಿ ನೆಲದ ತುಂಬ ಚೆಲ್ಲಿದವು.

"ಯಾಕಬೇ, ಆಕಿ ಕೈಯಾಗ ಕೆಂಡ ಐತೇನ?" ಬೆಂಚಿನಿಂದ ಯಲ್ಲಕ್ಕ ಕೇಳಿದಳು. ಈ ಸಲ ಯಾರೂ ನಗಲಿಲ್ಲ.

"ಕೈ ಜಾರಿತವಾ," ಎಂದಳು ಕಸ್ತೂರೆವ್ವ.

ಜಾರಿರಲಿಲ್ಲ. ಪ್ರತಿ ಸೋಮವಾರ ಮಠದಲ್ಲಿ ಶರಣರ ವಚನ ಹಾಡುವುದನ್ನು ಕೇಳಿದವಳು ಅವಳು. ಮೇಲು ಕೀಳಿಲ್ಲ ಎಂಬಲ್ಲಿಗೆ ಬಂದಾಗ ತಲೆದೂಗಿದವಳು, ಎಷ್ಟೋ ಸಲ ಕಣ್ಣು ಒರೆಸಿಕೊಂಡವಳು. ಕಿವಿ ಕೇಳಿದ್ದನ್ನು ಈ ಕೈ ಕೇಳಿಯೇ ಇರಲಿಲ್ಲ. ಕೂತ ಕುರ್ಚಿಯೂ ತನ್ನನ್ನು ಹೊರಲಾರದೇನೋ ಎನ್ನಿಸಿತು.

ಸಂಘಮಿತ್ರಾ ಬಗ್ಗಿ ಒಂದೊಂದನ್ನೇ ಆರಿಸಿದಳು, ಧೂಳು ಊದಿದಳು, ಹೊಂದಿಸಿ ಮೇಜಿನ ಮೇಲಿಟ್ಟಳು. ಆಮೇಲೆ ಮೊದಲಿನ ದನಿಯಲ್ಲಿಯೇ ಮಾತು ಮುಂದುವರಿಸಿದಳು. ಬೈದಿದ್ದರೆ ಚೆನ್ನಾಗಿತ್ತು ಅಂದುಕೊಂಡಳು ಕಸ್ತೂರೆವ್ವ.

ಗಂಡನ ಪಾಲು ನಿಮಗೆ ಬರುತ್ತದೆ, ಆ ಮನೆಯಿಂದ ನಿಮ್ಮನ್ನು ಯಾರೂ ಹೊರಗೆ ಹಾಕುವಂತಿಲ್ಲ, ಕೋರ್ಟಿಗೆ ಅರ್ಜಿ ಕೊಡೋಣ ಎಂದಳು ಸಂಘಮಿತ್ರಾ. ಅದಕ್ಕೂ ಮುಂಚೆ ಸೋಮವಾರ ತಾನೇ ಚಿಮ್ಮಡಕ್ಕೆ ಬರುವುದಾಗಿ, ಬೀಗದ ಫೋಟೋ ತೆಗೆದುಕೊಂಡು ಸೋಮಲಿಂಗನ ಮುಂದೆ ಕೂತು ಕಾಯ್ದೆ ತಿಳಿಸುವುದಾಗಿ ಹೇಳಿದಳು. ಎಷ್ಟೋ ಮನೆಗಳಲ್ಲಿ ಅಷ್ಟಕ್ಕೇ ಬೀಗ ತೆಗೆದಿದ್ದಾರಂತೆ.

ಕಸ್ತೂರೆವ್ವನಿಗೆ ತನ್ನ ಒಲೆ ಕಣ್ಣಿಗೆ ಕಟ್ಟಿತು. ಅದರ ಬೆನ್ನಿಗೇ ಮುಂಬಾಗಿಲು ಕಂಡಿತು. ಎದುರಿನ ಕಟ್ಟೆಯ ಮೇಲೆ ಕೂಡುವ ಗಂಡಸರು. ಸೋಮವಾರವೇ ಮಠಕ್ಕೆ ಕರೆಯಲು ಬರುವ ಭಜನೆಯ ಹೆಂಗಸರು. ಅನ್ನವ್ವನ ಮೊಮ್ಮಗಳನ್ನು ಪಡಸಾಲೆಗೆ ಕರೆದು ಮನೆ ಮೈಲಿಗೆ ಮಾಡಿದಳೆಂದು ಊರೆಲ್ಲ ಸಾರಲು ಸೋಮಲಿಂಗನಿಗೆ ಅಷ್ಟೇ ಸಾಕು. ಹೇಳಬಾರದು ಎಂದು ತುಟಿ ಕಚ್ಚಿದಳು. ಆದರೆ ಕೈಯಂತೆ ನಾಲಿಗೆಯೂ ಅವಳ ಮಾತು ಕೇಳಲಿಲ್ಲ.

"ಯವ್ವಾ, ಒಂದ ಮಾತ ನಡಸ್ಕೊಡ. ಸೋಮವಾರ ಬರೂಮುಂದ ಹಿತ್ತಲಕಡಿಂದ ಬಾ. ಅಲ್ಲೆ ಮಂದಿ ಇರೂದಿಲ್ಲ. ನಾನೇ ಬಾಗಲಾ ತಕ್ಕೊಂಡ ನಿಂತಿರ್ತೇನಿ."

ಬೆಂಚಿನ ಮೇಲೆ ಯಲ್ಲಕ್ಕ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು. ಸಂಘಮಿತ್ರಾ ಪೆನ್ನಿನ ಮುಚ್ಚಳ ಹಾಕಿದಳು. ಅರ್ಧ ಉಳಿದ ಚಹಾದ ಕಪ್ಪನ್ನು ಕಾಗದಕ್ಕೆ ತಾಗದಂತೆ ಪಕ್ಕಕ್ಕೆ ಸರಿಸಿದಳು.

"ಇಲ್ಲರಿ ಅವ್ವಾರ," ಎಂದಳು. "ನಿಮ್ಮ ಕೇಸ್ ನಡಸ್ತೇನಿ. ಹಿತ್ತಲಕಡಿಂದ ನಾ ಬರೂದಿಲ್ಲ."