ಕೊಡೆ ಹಿಡಿದು ನಿಂತವಳು

ಒಂದೂವರೆ ಗೇಣುದ್ದದ ಬಿಳಿ ಹತ್ತಿಹಗ್ಗ. ಒಂದು ತುದಿ ನನ್ನ ಎಡ ಮಣಿಕಟ್ಟಿಗೆ, ಇನ್ನೊಂದು ಚೆಲುವರಾಜುವಿನ ಬಲ ಮಣಿಕಟ್ಟಿಗೆ. ಆ ವರ್ಷವಿಡೀ ನಾವಿಬ್ಬರೂ ಹಾಗೆ ಕಟ್ಟಿಕೊಂಡೇ ಓಡಿದೆವು. ಹಗ್ಗ ಸಡಿಲವಾಗಿದ್ದರೆ ದಾರಿ ನೇರ, ಮೆಲ್ಲಗೆ ಜಗ್ಗಿದರೆ ತಿರುವು, ಎರಡು ಸಲ ಜಗ್ಗಿದರೆ ಹಳ್ಳವೋ ಕಲ್ಲೋ ಇದೆ ಎಂದರ್ಥ. ಹನ್ನೆರಡನೆಯ ವಯಸ್ಸಿನಲ್ಲಿ ಜ್ವರಕ್ಕೆ ಕಣ್ಣು ಕಳೆದುಕೊಂಡಿದ್ದ ಅವನು ನಮ್ಮೂರಿನ ಅಂಧರ ಶಾಲೆಯಲ್ಲಿ ಓದಿ, ಅಲ್ಲಿಯೇ ಕೆಲಸಕ್ಕೆ ನಿಂತಿದ್ದ. ಶಾಲೆಗೆ ಹೊಸ ಹಾಸ್ಟೆಲ್ ಕಟ್ಟಿಸುವ ಸಲುವಾಗಿ ಹತ್ತು ಕಿಲೋಮೀಟರ್ ಓಟ ಏರ್ಪಡಿಸಿದಾಗ, ಅವನಿಗೆ ದಾರಿ ತೋರುತ್ತೇನೆಂದು ನಾನಾಗಿಯೇ ಮುಂದೆ ಬಂದಿದ್ದೆ.

ಆದರೆ ನನ್ನೊಳಗೆ ಬೇರೊಂದು ಆಸೆಯೂ ಇತ್ತು. ಹತ್ತು ಕಿಲೋಮೀಟರನ್ನು ಒಂದು ಗಂಟೆಯೊಳಗೆ ಓಡಿ ಮುಗಿಸಬೇಕೆಂದು ಮೂರು ವರ್ಷಗಳಿಂದ ಒದ್ದಾಡುತ್ತಿದ್ದೆ. ಒಂದು ಗಂಟೆ ಒಂದು ನಿಮಿಷಕ್ಕಿಂತ ಕೆಳಗಿಳಿಯಲು ಆಗಿರಲಿಲ್ಲ. ಚೆಲುವರಾಜು ನನಗಿಂತ ಹದಿನೈದು ವರ್ಷ ಚಿಕ್ಕವನು, ಗಟ್ಟಿ ಕಾಲಿನವನು. ನನಗಾಗಿ ಅವನು ಹೆಜ್ಜೆ ಚಿಕ್ಕದು ಮಾಡಿಕೊಂಡು ಓಡುತ್ತಿದ್ದಾನೆಂಬುದು ನನಗೆ ಗೊತ್ತಿತ್ತು. ಅವನು ಅದನ್ನು ಎಂದೂ ಬಾಯಿಬಿಟ್ಟು ಹೇಳಲಿಲ್ಲ.

ಓಟದ ಹಿಂದಿನ ದಿನ ಅವನು ನನ್ನನ್ನು ಪಕ್ಕಕ್ಕೆ ಕರೆದ.

"ಸಾರ್, ಒಂದು ಉಪಕಾರ ಆಗ್ಬೇಕು. ನಾಳೆ ನಮ್ಮಕ್ಕ ಬಂದ್ರೂ ಬರ್ಬೋದು."

ಅಕ್ಕ ಮಾದೇವಿಯೊಡನೆ ಅವನು ಮಾತುಬಿಟ್ಟು ಹನ್ನೊಂದು ವರ್ಷವಾಗಿತ್ತು. ಅಪ್ಪ ತೀರಿಕೊಂಡಾಗ ಮನೆಯವರು ಅವನಿಗೆ ಹೇಳಿಕಳಿಸಿರಲಿಲ್ಲ. 'ಕಣ್ಣಿಲ್ಲದವನು ಬಂದು ಏನು ನೋಡ್ತಾನೆ' ಎಂದು ಯಾರೋ ಅಂದಿದ್ದರು, ಅಕ್ಕ ಎದುರಾಡಿರಲಿಲ್ಲ.

"ನಾನೇ ಸೋತು ಕಾಗದ ಬರೆಸ್ದೆ ಸಾರ್. ಬಸ್ ಸ್ಟ್ಯಾಂಡ್ ಹತ್ರ ಹಿಟ್ಟಿನ ಗಿರಣಿ ಮುಂದೆ ಕೊಡೆ ಬಿಚ್ಕೊಂಡು ನಿಂತಿರು, ಜೊತೆಗಿರೋ ಸಾರ್ ನೋಡಿ ಹೇಳ್ತಾರೆ ಅಂದಿದ್ದೀನಿ. ನೀವು ಕಂಡು ಹೇಳಿ, ನಾನು ನಿಲ್ತೀನಿ. ಅವಳು ಬಂದಿದ್ರೆ ಅವಳಿಗೂ ಕೋಪ ಇಲ್ಲ ಅಂತ ಅರ್ಥ."

"ಅದಕ್ಕೇನಂತೆ, ಖಂಡಿತ ಹೇಳ್ತೀನಿ," ಎಂದೆ.

ಮರುದಿನ ಮುಂಜಾನೆ ತಂಪಾಗಿತ್ತು. ಕಾಲುಗಳು ಹಗುರವಾಗಿ ಓಡಿದವು. ಗಿರಣಿ ಇದ್ದದ್ದು ಏಳನೆಯ ಕಿಲೋಮೀಟರಿನ ಬಳಿ. ಗಡಿಯಾರ ನೋಡಿದೆ. ನಲವತ್ತೆರಡು ನಿಮಿಷದ ಮೇಲೆ ಹದಿನೈದು ಸೆಕೆಂಡು. ಹಿಂದೆ ಬಿದ್ದಿದ್ದೆವು, ಆದರೆ ಕೈಮೀರಿರಲಿಲ್ಲ. ರಸ್ತೆಬದಿಯಲ್ಲಿ ಓಟಗಾರರನ್ನು ಹುರಿದುಂಬಿಸಲು ತಮಟೆ ಬಡಿಯುತ್ತಿದ್ದರು; ಪಕ್ಕದವರ ಮಾತು ಬಿಟ್ಟರೆ ಕಿವಿಗೆ ಬೇರೇನೂ ಬೀಳುವಂತಿರಲಿಲ್ಲ. ಆಗ ಕಪ್ಪು ಕೊಡೆ ಕಂಡಿತು. ಮೋಡವಿಲ್ಲದ ಬೆಳಗಿನಲ್ಲಿ ಅದೊಂದೇ ಕೊಡೆ. ಅದರ ಕೆಳಗಿನಿಂದ ಒಂದು ಕೈ ಮೇಲೆದ್ದಿತು.

"ಗಿರಣಿ ಬಂತಾ ಸಾರ್? ಇದ್ದಾಳಾ?"

ನಿಂತರೆ ಎಲ್ಲ ಮುಗಿಯಿತು ಎನ್ನಿಸಿತು. ಓಟ ಮುಗಿದ ಮೇಲೆ ಕರೆತಂದರಾಯಿತು, ಹತ್ತಿಪ್ಪತ್ತು ನಿಮಿಷ ತಾನೇ, ಎಂದು ನನಗೆ ನಾನೇ ಹೇಳಿಕೊಂಡೆ.

"ಇಲ್ಲ, ಯಾರೂ ಇಲ್ಲ," ಎಂದೆ.

"ಇಲ್ವಾ... ಸರಿ ಬಿಡಿ," ಎಂದ. ಮರುಕ್ಷಣ ಹಗ್ಗ ಬಿಗಿಯಿತು. ಆವರೆಗೆ ಹಿಡಿದಿಟ್ಟ ಹೆಜ್ಜೆಯನ್ನೆಲ್ಲ ಬಿಚ್ಚಿ ಅವನು ಓಡತೊಡಗಿದ. ದಾರಿ ತೋರಬೇಕಾದವನು ನಾನು, ಹಗ್ಗಕ್ಕೆ ಜೋತುಬಿದ್ದವನಂತೆ ಹಿಂದೆ ಓಡಿದೆ. ಗುರಿ ದಾಟಿದಾಗ ಐವತ್ತೊಂಬತ್ತು ನಿಮಿಷ, ಹನ್ನೆರಡು ಸೆಕೆಂಡು. ಇವತ್ತಿಗೂ ನನ್ನ ಅತ್ಯುತ್ತಮ ಓಟ ಅದೇ. ಅದನ್ನು ಓಡಿಸಿದ್ದು ಅವನ ದುಃಖ.

"ನಿಮ್ಮಾಸೆ ತೀರ್ತಲ್ಲ ಸಾರ್, ಅಷ್ಟು ಸಾಕು," ಎಂದು ಅವನು ಮುಖ ಒರೆಸಿಕೊಂಡ.

ನೀರು ಕುಡಿದು ಬರುತ್ತೇನೆಂದು ಹೇಳಿ ಆಟೋ ಹತ್ತಿ ಗಿರಣಿಗೆ ಹೋದೆ. ಕೊಡೆ ಇರಲಿಲ್ಲ. ಗಿರಣಿಯವನು ಹಿಟ್ಟಿನ ಕೈ ಕೊಡವಿಕೊಳ್ಳುತ್ತ ಹೇಳಿದ: "ಆ ಹೆಣ್ಮಗಳಾ? ಆಗ್ಲೇ ಬಸ್ ಹತ್ತಿದ್ಲು. ಕೈ ಎತ್ತಿದ್ರೂ ನಿಲ್ಲದೆ ಹೋಗ್ಬಿಟ್ಟ, ಇನ್ನೂ ಕೋಪ ಇಳಿದಿಲ್ಲ ನನ್ತಮ್ಮಂಗೆ ಅಂತ ಅತ್ಲು."

ಅಂದೇ ಹೇಳಬೇಕಿತ್ತು. ನಾಳೆ ನಾಳೆ ಎನ್ನುತ್ತ ನಾಲ್ಕು ತಿಂಗಳು ತಳ್ಳಿದೆ. ಅಕ್ಕ ಬರಲಿಲ್ಲವೆಂದು ಅವನು, ತಮ್ಮ ನಿಲ್ಲಲಿಲ್ಲವೆಂದು ಅವಳು, ಇಬ್ಬರೂ ಸುಮ್ಮನಾಗಿದ್ದರು. ಕೊನೆಗೆ ನಾನು ಬಾಯಿಬಿಟ್ಟ ಮೇಲೆ ಅವನು ಎರಡು ಕಾಗದ ಬರೆಸಿದನಂತೆ. ಅವಳು ಸಂಸಾರ ಸಮೇತ ಊರು ಬಿಟ್ಟಿದ್ದಳು. ಎಲ್ಲಿಗೆಂದು ಯಾರಿಗೂ ತಿಳಿಯದು. ಎರಡೂ ಕಾಗದ ಹಿಂದಿರುಗಿದವು. ನನ್ನ ಜೊತೆ ಅವನು ಮತ್ತೆ ಓಡಲಿಲ್ಲ.

ನಾನು ತಪ್ಪೊಪ್ಪಿಕೊಂಡ ಆ ಮಧ್ಯಾಹ್ನ ಅವನು ಶಾಲೆಯ ಜಗಲಿಯಲ್ಲಿ ಕುಳಿತು ಕುರ್ಚಿಗೆ ಬೆತ್ತ ಹೆಣೆಯುತ್ತಿದ್ದ. ಬೈಯುತ್ತಾನೆ, ಎದ್ದು ಹೋಗೆನ್ನುತ್ತಾನೆ ಎಂದು ತಲೆ ತಗ್ಗಿಸಿ ಕುಳಿತಿದ್ದೆ. ಅವನು ಹೆಣಿಗೆ ನಿಲ್ಲಿಸಿ, ತಗ್ಗಿದ ದನಿಯಲ್ಲಿ ಕೇಳಿದ:

"ಹೇಗಿದ್ಲು ಸಾರ್? ಸೊರಗಿದ್ಲಾ? ಯಾವ ಬಣ್ಣದ ಸೀರೆ ಉಟ್ಟಿದ್ಲು?"

ನೆನಪಿಸಿಕೊಳ್ಳಲು ಹೆಣಗಿದೆ. ಮುಖವಿಲ್ಲ, ಸೀರೆಯಿಲ್ಲ. ಆ ಹೊತ್ತು ನನ್ನ ಕಣ್ಣು ಗಡಿಯಾರದ ಮೇಲಿತ್ತು. ಅವನು ಉತ್ತರಕ್ಕಾಗಿ ಮುಖವೆತ್ತಿ ಕಾದ. ನೀರಲ್ಲಿ ನೆನೆಸಿದ್ದ ಬೆತ್ತದ ಎಳೆ ಅವನ ಬೆರಳುಗಳ ನಡುವೆ ಮೆಲ್ಲಮೆಲ್ಲನೆ ಒಣಗುತ್ತ ಬಂತು.