ಮದ್ದಿಲ್ಲದ ತೋಟಾ

ಗ್ಯಾರೇಜಿನಲ್ಲಿ ಕೂತು ಬಂದೂಕಿನ ತೋಟಾ ತುಂಬುವಾಗ ನನ್ನ ಗಂಡ ವರ್ಲಿನ್‌ನನ್ನು ಯಾರೂ ಮಾತಾಡಿಸಕೂಡದು. ಮನೆಗೆ ಬೆಂಕಿ ಬಿದ್ದರೂ ಚೀಟಿ ಬರೆದು ಮೇಜಿನ ಮೇಲಿಡಬೇಕು. ಹಾರಿಸಿದ ಹಿತ್ತಾಳೆ ಕೊಳವೆಗಳನ್ನು ಆರಿಸಿ ತಂದು, ತೊಳೆದು ಉಜ್ಜಿ, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದನ್ನು ಅಕ್ಕಸಾಲಿಗನ ಹಾಗೆ ತೂಗಿ ಸುರಿದು, ಮೇಲೆ ಗುಂಡು ಒತ್ತುವುದು. ಮೂವತ್ತೊಂದು ವರ್ಷದಿಂದ ಅವನಿಗೆ ಇದೇ ಹುಚ್ಚು. ಇಡೀ ಮೊಂಟಾನಾ ರಾಜ್ಯದಲ್ಲಿ ತನ್ನಷ್ಟು ಚೊಕ್ಕವಾಗಿ ತುಂಬುವವನಿಲ್ಲ ಎಂಬ ಜಂಬ ಬೇರೆ.

ಜಂಬಕ್ಕೆ ಕಾರಣವೂ ಇತ್ತು. ನಮ್ಮ ಕ್ಲಬ್ಬಿನ ಗೋಡೆಯ ಮೇಲೊಂದು ಹಲಗೆಯಿದೆ. ಗುರಿ ಹೊಡೆಯುವ ಪಂದ್ಯದಲ್ಲಿ ಯಾರ ತೋಟಾ ಠುಸ್ಸೆನ್ನುತ್ತದೋ ಅವರು ಅದನ್ನು ಅಲ್ಲಿ ನೇತುಹಾಕಿ, ಕೆಳಗೆ ಹೆಸರು, ಕಾರಣ ಬರೆಯಬೇಕು. ವರ್ಲಿನ್‌ನದು ಒಂದೂ ಇಲ್ಲ. ಅವನ ಗೆಳೆಯ ಆರಿನ್‌ನವು ಮೂರು ತೂಗುತ್ತಿವೆ. ಮೂರಕ್ಕೂ ಒಂದೇ ಕಾರಣ: ‘ಹೆಂಡತಿ ಮಾತಾಡಿಸಿದಳು.’ ಅರ್ಧ ಹಲಗೆಯ ತುಂಬ ಇದೇ. ಇವರ ಕೈ ತಪ್ಪಿದರೂ ಹೊಣೆ ನಾವು! ಆ ಹಲಗೆಗೆ ನಾನು ಏರಬಾರದೆಂದು ಅಷ್ಟೂ ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಆ ಶನಿವಾರ ಮಧ್ಯಾಹ್ನ ಪಂದ್ಯ. ಬೆಳಿಗ್ಗೆ ಅವನು ಅದಕ್ಕೆ ಬೇಕಾದ ಐವತ್ತು ತೋಟಾ ತುಂಬುತ್ತಿದ್ದಾಗ ಆಸ್ಪತ್ರೆಯಿಂದ ಅಳಿಯನ ಫೋನು ಬಂತು. ನಮ್ಮ ಮಗಳು ನಡೀನ್‌ಗೆ ಹತ್ತು ನಿಮಿಷದ ಹಿಂದೆ ಹೆಣ್ಣು ಮಗುವಾಯಿತು, ಇಬ್ಬರೂ ಚೆನ್ನಾಗಿದ್ದಾರೆ, ಸಂಜೆ ಬಂದು ನೋಡಿ ಎಂದ. ಚೀಟಿ ಬರೆಯುವಷ್ಟು ತಾಳ್ಮೆ ಯಾರಿಗಿತ್ತು? ಗ್ಯಾರೇಜಿಗೆ ಓಡಿ ಕೂಗಿಯೇಬಿಟ್ಟೆ. ವರ್ಲಿನ್ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿದ, ಅತ್ತ, ಮೂಗೊರೆಸಿಕೊಂಡು ಮತ್ತೆ ಕೆಲಸಕ್ಕೆ ಕೂತ.

ಎಲ್ಲ ಮುಗಿಸಿ ನೋಡಿದರೆ, ತಕ್ಕಡಿಯ ತಟ್ಟೆಯಲ್ಲಿ ಒಂದು ತೋಟಾದ ಮದ್ದು ಹಾಗೇ ಉಳಿದಿತ್ತು. ಐವತ್ತರಲ್ಲಿ ಒಂದು ಖಾಲಿ, ಹೊರಗಿನಿಂದ ಎಲ್ಲವೂ ಒಂದೇ ಥರ. ಅವನ ಮುಖ ಬಿಳಿಚಿತು. ಒಂದೊಂದನ್ನೇ ತೂಗುತ್ತ ಹೋದ. ಮೂವತ್ತೆಂಟನೆಯದು ಹಗುರವಿತ್ತು.

ನಾನು ಕೂಗಿದ್ದರಿಂದಲೇ ಹೀಗಾಯಿತಲ್ಲ!

“ಪಂದ್ಯದಲ್ಲೇನೂ ಹಾರಿಸ್ಲಿಲ್ವಲ್ಲ. ಬಿಸಾಕು, ಯಾರಿಗ್ ಗೊತ್ತಾಗುತ್ತೆ?” ಎಂದೆ.

“ನಂಗ್ ಗೊತ್ತಲ್ಲ,” ಎಂದ.

ಅದರ ಗುಂಡು ಕಿತ್ತು, ಕೇಪು ಬಿಡಿಸಿ ತೆಗೆದು, ಗುಂಡನ್ನು ಮತ್ತೆ ಸಿಕ್ಕಿಸಿ ಜೇಬಿಗೆ ಹಾಕಿಕೊಂಡ. ಮಧ್ಯಾಹ್ನ ಇಬ್ಬರೂ ಕಾರಿನಲ್ಲಿ ಕ್ಲಬ್ಬಿಗೆ ಹೋದೆವು.

ಅವನು ಹಲಗೆಗೆ ಮೊಳೆ ಹೊಡೆಯುವುದನ್ನು ಕಂಡು ಜನ ಮುತ್ತಿದರು. ಆರಿನ್‌ಗಂತೂ ಹಬ್ಬ.

“ಮೂವತ್ತೊಂದು ವರ್ಷ ಕಾಯಿಸ್ದೆಯಲ್ಲೋ ಮಾರಾಯ. ಕಾರಣ ನಾನೇ ಬರೀಲಾ? ನಂಗೆ ಬಾಯಿಪಾಠ.”

ಎಲ್ಲರೂ ನನ್ನತ್ತ ನೋಡಿ ಮುಸಿಮುಸಿ ನಕ್ಕರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ವರ್ಲಿನ್ ಅವನ ಕೈಯಿಂದ ಪೆನ್ನು ಕಿತ್ತುಕೊಂಡು ತಾನೇ ಬರೆದ. ಬಗ್ಗಿ ಓದಿದೆ.

‘ವರ್ಲಿನ್ ಹಾಲ್ವರ್ಸನ್. ಕಾರಣ: ಮೊಮ್ಮಗಳು. ವಯಸ್ಸು ಹತ್ತು ನಿಮಿಷ.’

ಕಣ್ಣು ತುಂಬಿ ಬಂತು. ಅಷ್ಟೂ ಜನರ ಮುಂದೆ ಅವನ ಕೆನ್ನೆಗೆ ಮುತ್ತಿಟ್ಟೆ. ಆರಿನ್ ಆ ಬರಹವನ್ನು ಎರಡು ಸಲ ಓದಿ, ಟೋಪಿ ತೆಗೆದ. ಆಮೇಲೆ ತನ್ನ ಮೂರು ತೋಟಾಗಳನ್ನೂ ಪಕ್ಕಕ್ಕೆ ಸರಿಸಿ, ಹಲಗೆಯ ನಟ್ಟನಡುವೆ ಅದಕ್ಕೆ ಜಾಗ ಮಾಡಿಕೊಟ್ಟ.