ತೊಗರಿ ಮನೆ, ಜೋಳದ ಮನೆ

ಐನಾಪುರದಲ್ಲಿ ಅಣ್ಣತಮ್ಮಂದಿರು ಪಾಲಾಗುವುದು ಹೊಸದೇನಲ್ಲ. ಆದರೆ ಗೊಲ್ಲಾಳಪ್ಪ, ಜಗದೇವಪ್ಪ ಪಾಲಾದದ್ದು ಮಾತ್ರ ಊರಿಗೊಂದು ತಮಾಷೆ. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಮರುವರ್ಷ ಅದು. ಅಪ್ಪ ತೀರಿಕೊಂಡಿದ್ದ, ಮಕ್ಕಳು ಬೆಳೆದು ಮನೆ ಸಾಲದಾಗಿತ್ತು, ಜಗಳವೇನೂ ಇರಲಿಲ್ಲ. ಮೇಲಿನ ಹೊಲ ಅಣ್ಣನಿಗೆ, ಕೆಳಗಿನದು ತಮ್ಮನಿಗೆ, ನಡುವೆ ಒಂದು ಬದು. ಪಂಚರು ಎದ್ದು ಹೋದ ಮೇಲೆ ನೋಡಿದರೆ ಪಾಲು ಕೇಳಿದವರೇ ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತಿದ್ದರು.

ಆಗ ದಾರಿ ಹುಡುಕಿದವಳು ಗೊಲ್ಲಾಳಪ್ಪನ ಹೆಂಡತಿ ಅಮೃತಮ್ಮ. ಅವಳಿಗೆ ಜಗದೇವಪ್ಪನ ಹೆಂಡತಿ ಗುಂಡಮ್ಮ ಎಂದರೆ ಪ್ರಾಣ. ಸೊಸೆಯಾಗಿ ಬಂದಾಗ ರೊಟ್ಟಿ ಬಡಿಯಲೂ ಬಾರದ ಹುಡುಗಿ ಅದು. ಕೈ ಹಿಡಿದು ಕಲಿಸಿದವಳು ಅಮೃತಮ್ಮ. ಒಲೆ ಬೇರೆಯಾದ ಮೇಲೆ ಆ ಹುಡುಗಿ ತನ್ನ ಹೊಸ್ತಿಲಿಗೆ ಯಾಕೆ ಬಂದಾಳು? ಪಾಲಾದ ಮನೆಗಳು ಮೊದಮೊದಲು ಹಬ್ಬಕ್ಕೆ ಕೂಡುತ್ತವೆ, ಆಮೇಲೆ ಮದುವೆಗೆ, ಆಮೇಲೆ ಬರೀ ಮಣ್ಣಿಗೆ. ತನ್ನ ತವರಿನಲ್ಲೇ ಅವಳು ಅದನ್ನು ಕಂಡಿದ್ದಳು.

"ಹಿಂಗ ಮಾಡ್ರಿ," ಎಂದಳು. "ನಾವು ಬರೇ ತೊಗರಿ ಬಿತ್ತತೀವಿ, ನೀವು ಬರೇ ಜ್ವಾಳ ಬಿತ್ರಿ. ಬ್ಯಾಳಿ ಬೇಕಾದ್ರ ನೀವು ನಮ್ಮನಿಗಿ ಬರಬೇಕು, ರೊಟ್ಟಿ ಬೇಕಾದ್ರ ನಾವು ನಿಮ್ಮನಿಗಿ ಬರಬೇಕು. ಆಗ ಹ್ಯಾಂಗ ಬ್ಯಾರೆ ಆಗ್ತೀರಿ ನೋಡ್ತೀನಿ."

ಮಾತು ಎಲ್ಲರ ಮನಸ್ಸಿಗೂ ಬಂತು. ಅಪ್ಪ ತನ್ನ ಜೀವಮಾನದಲ್ಲಿ ತೊಗರಿ ಬೆಳೆದ ಹೊಲದಲ್ಲಿ ಮರುವರ್ಷ ತೊಗರಿ ಬಿತ್ತಿದವನಲ್ಲ ಎಂಬುದು ಅಣ್ಣತಮ್ಮಂದಿರಿಗೆ ಗೊತ್ತಿಲ್ಲದ್ದೇನಲ್ಲ. ಈ ವರ್ಷ ಮೇಲೆ ತೊಗರಿ, ಕೆಳಗೆ ಜೋಳ. ಮುಂದಿನ ವರ್ಷ ಮೇಲೆ ಜೋಳ, ಕೆಳಗೆ ತೊಗರಿ. ಅವನ ಎತ್ತುಗಳಿಗೂ ಗೊತ್ತಿದ್ದ ಲೆಕ್ಕ ಅದು. ಆದರೆ ಪ್ರೀತಿಗೆ ಬಿದ್ದವರಿಗೆ ಬೇಸಾಯ ಎಲ್ಲಿ ನೆನಪಿರುತ್ತದೆ? ಒಂದು ವರ್ಷ ನಡೆಯುತ್ತದೆ ಬಿಡು ಎಂದುಕೊಂಡರು. ನಡೆಯಿತು. ಆಮೇಲೆ, ಬದಲಿಸೋಣ ಎಂದು ಬಾಯಿಬಿಟ್ಟರೆ ಎಲ್ಲಿ ಮಾತು ಮುರಿದಂತಾಗುತ್ತದೋ ಎಂದು ಇಬ್ಬರೂ ಸುಮ್ಮನಿದ್ದರು.

ಆ ದಿನಗಳು ಅಮೃತಮ್ಮನಿಗೆ ಹಬ್ಬ. ರಾಶಿಯಾದ ಕೂಡಲೇ ಗುಂಡಮ್ಮ ಜೋಳದ ಚೀಲಗಳನ್ನು ಗಾಡಿಗೆ ಹೇರಿಸಿಕೊಂಡು ಬರುವಳು. ಕೆಮ್ಮಣ್ಣು ಹಚ್ಚಿ ಒಣಗಿಸಿದ ತೊಗರಿಯನ್ನು ಇಬ್ಬರೂ ಬೀಸುಕಲ್ಲಿಗೆ ಎದುರುಬದುರು ಕೂತು ಒಡೆಯುವರು. ಬೇಳೆ ಒಂದು ಪಾಲಾದರೆ ಮಾತು ಎರಡು ಪಾಲು. ಗಂಡಂದಿರನ್ನು ಬೈಯಲು ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಲ್ಲಿನ ಸದ್ದಿಗೆ ಯಾರಿಗೂ ಕೇಳುವುದಿಲ್ಲ.

ಮೂರನೆಯ ವರ್ಷ ಮೇಲಿನ ಹೊಲ ಮುನಿಸಿಕೊಂಡಿತು. ಹೂ ಬಿಟ್ಟು ಕಾಯಿಗಟ್ಟುವ ಹೊತ್ತಿಗೆ ತೊಗರಿ ಗಿಡಗಳು ನಿಂತ ನಿಲುವಿನಲ್ಲೇ ಒಣಗತೊಡಗಿದವು. ಊರವರು ಸಿಡಿ ಎನ್ನುವ ರೋಗ; ಮಣ್ಣಿನಲ್ಲಿ ಉಳಿದುಕೊಂಡು ಬೇರಿಗೆ ಹತ್ತುವಂಥದ್ದು. ಗೊಲ್ಲಾಳಪ್ಪ ಮಂಜು ಬಿದ್ದದ್ದಕ್ಕೆ ಹೀಗಾಯಿತು ಎಂದ. ಆಮೇಲೆ ಯಾರದೋ ಕಣ್ಣು ಎಂದು ಹೊಲದ ಮೂಲೆಗೊಂದು ಹಳೆಯ ಚಪ್ಪಲಿ ತೂಗುಹಾಕಿದ. ಮರುವರ್ಷವೂ ಹಠ ಹಿಡಿದು ಅಲ್ಲೇ ತೊಗರಿ ಬಿತ್ತಿದ. ಅರ್ಧಕ್ಕರ್ಧ ಹೊಲ ಕಟ್ಟಿಗೆಯಾಯಿತು, ಉಳಿದರ್ಧದಲ್ಲಿ ಕಾಯಿ ಸರಿಯಾಗಿ ತುಂಬಲಿಲ್ಲ.

ಪಕ್ಕದ ಹೊಲದ ಮುದುಕ ನಬೀಸಾಬ್ ಆ ಚಪ್ಪಲಿ ನೋಡಿ ನಕ್ಕುಬಿಟ್ಟ. "ಯಾರ ಕಣ್ಣೂ ಅಲ್ಲೋ ಗೊಲ್ಲಾಳಪ್ಪ. ನಿಮ್ಮಪ್ಪ ಬೆಳಿ ತಿರುವಿ ಹಾಕತಿದ್ದ, ನೀ ಹಾಕಲಿಲ್ಲ. ಎರಡ್ಮೂರು ವರ್ಷ ಇಲ್ಲಿ ಜ್ವಾಳ ಹಾಕು, ಮಣ್ಣು ಸುಧಾರಸ್ತದ."

ಎಳ್ಳಮಾವಾಸ್ಯೆ ಬಂತು. ಎರಡೂ ಮನೆಯವರು ಬುತ್ತಿ ಕಟ್ಟಿಕೊಂಡು ಹೋಗಿ, ಬೆಳೆಗೆ ಎಡೆಯಾಗಿ ಚರಗ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವುದು ವಾಡಿಕೆ. ಅಂದಿನ ಭಜ್ಜಿ ಪಲ್ಯಕ್ಕೆ ಹಸಿ ತೊಗರಿಕಾಳು ಬೇಕೇ ಬೇಕು. ಪ್ರತಿವರ್ಷವೂ ತನ್ನ ಹೊಲದಿಂದಲೇ ಕಾಯಿ ಹರಿದು ತರುತ್ತಿದ್ದ ಅಮೃತಮ್ಮ ಈ ಸಲ ನಬೀಸಾಬನ ಹೊಲದಿಂದ ಕೇಳಿ ತಂದಿದ್ದಳು. ಗೊಲ್ಲಾಳಪ್ಪ ಆ ಭಜ್ಜಿ ಮುಟ್ಟಲಿಲ್ಲ.

"ಜಗದೇವ," ಎಂದ, ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು. "ಎರಡು ವರ್ಷ ನಿನ್ನ ಜ್ವಾಳ ಉಂಡೀನಿ. ನಾ ಕೊಟ್ಟಿದ್ದು ಒಂದು ಬೊಗಸಿ ಬ್ಯಾಳಿ. ಇನ್ನ ಕೊಡೂದು ತಗೊಳ್ಳೂದು ಬ್ಯಾಡ. ನಮ್ಮದು ನಾವು ನೋಡ್ಕೋತೀವಿ."

ಗುಂಡಮ್ಮನ ತುತ್ತು ಬಾಯಿಯ ಹತ್ತಿರವೇ ನಿಂತಿತು. ಅಮೃತಮ್ಮನಿಗೆ ತಡೆಯಲಾಗಲಿಲ್ಲ. "ಯಾಕ ಬ್ಯಾಡ್ರಿ? ಈಗ ನಾವು ಜ್ವಾಳ ಬಿತ್ತೂಣು, ಅವರು ತೊಗರಿ ಬಿತ್ತಲಿ. ಮಾವ ಹಂಗೇ ಮಾಡ್ತಿದ್ರಲ್ಲ."

"ನನ್ನ ಹೊಲ ನಾ ಕೆಡಿಸ್ಕೊಂಡೀನಿ. ನನ್ನ ಸಲುವಾಗಿ ಅವನ್ಯಾಕ ಬೆಳಿ ಬದಲಿ ಮಾಡಬೇಕು? ನಾಳಿ ಅಲ್ಲೂ ಸಿಡಿ ಹತ್ತಿದ್ರ ಅವನಿಗಿ ಯಾವ ಮಾರಿ ತೋರಸ್ಲಿ?"

ಅಣ್ಣನ ಮುಂದೆ ಎದುರು ಮಾತಾಡಿ ಗೊತ್ತಿಲ್ಲದ ಜಗದೇವಪ್ಪ ಕೈತೊಳೆದು ಎದ್ದ.

ಸುಗ್ಗಿಯಾದ ಮೇಲೆ ಜೋಳದ ಗಾಡಿ ಬಂತು. ಗೊಲ್ಲಾಳಪ್ಪ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ. ಗುಂಡಮ್ಮ ಮತ್ತೆ ಬರಲಿಲ್ಲ. ಅಮೃತಮ್ಮ ಚಿಂಚೋಳಿ ಸಂತೆಯ ಜೋಳ ಬೀಸಿ ರೊಟ್ಟಿ ಬಡಿದಳು, ಆ ರೊಟ್ಟಿ ಎಷ್ಟು ಮೆತ್ತಗಿದ್ದರೂ ಅವಳಿಗೆ ಸೇರಲಿಲ್ಲ. ಬೇಸಿಗೆಯೆಲ್ಲ ಅವಳ ಕಿವಿ ಬಾಗಿಲಿಗೇ ಇತ್ತು. ಮನೆ ಒಡೆಯಬಾರದೆಂದು ತಾನು ಹೂಡಿದ ಉಪಾಯವೇ ಮನೆ ಒಡೆಯಿತಲ್ಲ ಎಂದು ತನ್ನನ್ನು ತಾನೇ ಬೈದುಕೊಂಡಳು.

ಮೃಗಶಿರ ಮಳೆ ಚೆನ್ನಾಗಿ ಬಿತ್ತು. ಮರುದಿನ ಬೆಳಗ್ಗೆ ಬಾಗಿಲಲ್ಲಿ ಜಗದೇವಪ್ಪ, ಕೈಯಲ್ಲೊಂದು ಖಾಲಿ ಬಿದಿರಿನ ಪುಟ್ಟಿ.

"ವೈನಿ, ತೊಗರಿ ಬೀಜ ಕೊಡ್ರಿ."

"ಯಾರಿಗಿ?" ಎಂದ ಗೊಲ್ಲಾಳಪ್ಪ ಒಳಗಿನಿಂದ.

"ನನಗ. ಕೆಳಗಿನ ಹೊಲಕ್ಕ. ಹದ ಬಂದದ."

"ಬ್ಯಾಡಂತ ಹೇಳಿಲ್ಲೇನು ನಿನಗ?"

ಜಗದೇವಪ್ಪ ಹೊಸ್ತಿಲು ದಾಟಿ ಬಂದು ಅಣ್ಣನೆದುರು ಕೂತ. "ಜ್ವಾಳದ ಹಿಂದ ಏನ್ ಬಿತ್ತಬೇಕಂತ ಅಪ್ಪ ನಿನಗೊಬ್ಬನಿಗೇ ಕಲಿಸಿದ್ನೇನು? ಜ್ವಾಳದ ಮ್ಯಾಲ ಜ್ವಾಳ ಹಾಕಿ ನನ್ನ ಹೊಲಾನೂ ಸೊರಗ್ಯದ ಅಣ್ಣಾ. ಎರಡು ವರ್ಷ ಆತು, ತೆನಿ ಬೆರಳಷ್ಟೇ ಬರಲಿಕತ್ತಾವ. ನಿನಗ ಹೇಳಿಲ್ಲ ಅಷ್ಟೇ."

"ಮತ್ತ ಚೀಲ ತುಂಬಿ ಕಳಸ್ತಿದ್ದಿ?"

"ಕಳಸ್ಲಾರ್ದ ಹ್ಯಾಂಗ ಇರ್ಲಿ?"

ಇಷ್ಟು ದಿನ ಗೊಲ್ಲಾಳಪ್ಪ, ತಾನು ತಮ್ಮನ ಹೊಟ್ಟೆ ತುಂಬಿ ಉಳಿದದ್ದನ್ನು ಉಂಡೆ ಎಂದು ನಾಚಿಕೊಂಡಿದ್ದ. ಉಂಡದ್ದು ತಮ್ಮನ ಹೊಟ್ಟೆಯ ಪಾಲನ್ನೇ. ಅಮೃತಮ್ಮ ಬೀಜದ ಗಡಿಗೆಗೆ ಕೈ ಹಾಕಿದಾಗ ಅವನು ತಡೆದ.

"ಅದು ಬ್ಯಾಡ, ಸಿಡಿ ಹೊಲದ್ದು. ಸಿಡಿ ಬರೂದಕ್ಕಿಂತ ಮೊದ್ಲಿಂದು ಬೂದಿ ಹಚ್ಚಿ ಇಟ್ಟೀವಲ್ಲ, ಅದು ಕೊಡು. ಎಲ್ಲಾ ಕೊಡು."

ಜಗದೇವಪ್ಪನ ತೊಗರಿ ಚೆನ್ನಾಗಿ ಹುಟ್ಟಿತು. ಗೊಲ್ಲಾಳಪ್ಪ ಮೇಲಿನ ಹೊಲದ ಸಿಡಿ ಕಟ್ಟಿಗೆಯನ್ನೆಲ್ಲ ಬೇರುಸಹಿತ ಕಿತ್ತು ಸುಟ್ಟು, ಮಳೆಗಾಲವೆಲ್ಲ ಕುಂಟೆ ಹೊಡೆದು ಹದಮಾಡಿದ. ಹಿಂಗಾರಿ ಬಿತ್ತನೆಯ ಹೊತ್ತು ಬಂತು. ಈಗ ಜೋಳದ ಬೀಜ ಬೇಕು, ಅದು ಇರುವುದು ತಮ್ಮನ ಮನೆಯಲ್ಲಿ. ಎರಡು ದಿನ ಗೊಲ್ಲಾಳಪ್ಪ ಎದ್ದ, ಕೂತ, ಎತ್ತಿನ ಮೈ ತಿಕ್ಕಿದ. ಕೊಡುವುದು ಅವನಿಗೆ ಸುಲಭ, ಕೇಳುವುದೇ ಬಾರದು. ಕೊನೆಗೆ ಅವನೇ ಪುಟ್ಟಿ ಎತ್ತಿಕೊಂಡ, ಅವಳು ಸೆರಗು ಸರಿಮಾಡಿಕೊಂಡು ಹಿಂದೆ ಹೋದಳು.

ಗುಂಡಮ್ಮ ಒಲೆಯ ಮುಂದಿದ್ದಳು. ಬಾಗಿಲಲ್ಲಿ ನಿಂತ ಅಮೃತಮ್ಮನನ್ನು ನೋಡಿದ್ದೇ, ಹಿಟ್ಟಿನ ಕೈಯಲ್ಲೇ ಬಂದು ತಬ್ಬಿಕೊಂಡು ಅತ್ತಳು. ಅಮೃತಮ್ಮನೂ ಅತ್ತಳು, ಅದನ್ನೇನೂ ಮುಚ್ಚಿಡಲಿಲ್ಲ. ಗೊಲ್ಲಾಳಪ್ಪ ಪುಟ್ಟಿ ಹಿಡಿದುಕೊಂಡು ನಿಂತೇ ಇದ್ದ.

"ಬೀಜ," ಎಂದ.

"ಬೀಜ ಎಲ್ಲಿಗಿ ಹೋಗ್ತದ? ಕುಂದ್ರು, ಊಟ ಮಾಡು," ಎಂದ ಜಗದೇವಪ್ಪ.

ಗುಂಡಮ್ಮ ರೊಟ್ಟಿ ಹಾಕಿದಳು. ಬೆರಳಷ್ಟೇ ತೆನೆ ಬಂದ ಹೊಲದ ಜೋಳದ ರೊಟ್ಟಿ. ಸುಗ್ಗಿಯಲ್ಲಿ ಅದೇ ಜೋಳದ ಗಾಡಿಯನ್ನು ಬಾಗಿಲಿನಿಂದ ತಿರುಗಿಸಿದವನು ತಾಟಿನ ಮುಂದೆ ತಲೆ ಬಗ್ಗಿಸಿ ಕೂತಿದ್ದ. ಅಮೃತಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. ಗೊಲ್ಲಾಳಪ್ಪ ಒಂದು ತುತ್ತು ಮುರಿದ, ಇನ್ನೊಂದು ಮುರಿದ, ರೊಟ್ಟಿ ಮುಗಿಯಿತು. ಖಾಲಿ ತಾಟನ್ನು ಗುಂಡಮ್ಮನ ಕಡೆಗೆ ಸರಿಸಿದ.

"ಇನ್ನೊಂದು ಹಾಕವ್ವ," ಎಂದ.